ಪಕ್ಕದ ಸೀಟಿನ ಹಲಗೆ

ಅಮ್ಮಾ,

ನೀನು ಮಾರಿದ್ದ ರೇಸ್ ಕಾರನ್ನು ಹುಡುಕಿ ಕೊಂಡುಕೊಂಡೆ; ಇವತ್ತು ಅದು ನನ್ನ ಕೈಯಲ್ಲಿ ಗುಡುಗಿತು. ಒಂದೇ ಸುತ್ತು ಹೊಡೆದೆ. "ಹೆಂಗಸಿಗ್ಯಾಕೆ ಈ ಹುಚ್ಚು" ಎಂದು ಮೂಗು ಮುರಿದವರೆಲ್ಲ ನಿನ್ನ ಹಿಂದೆಯೇ ಉಳಿದದ್ದು ಯಾಕೆಂದು ಈಗ ಗೊತ್ತಾಯಿತು.

ಇಳಿದಾಗ ಮೆಕ್ಯಾನಿಕ್ ಕೇಳಿದ: "ಮೇಡಂ, ಪಕ್ಕದ ಸೀಟಿನ ಮುಂದೆ ಯಾರೋ ಹಲಗೆ ಕೂರ್ಸಿದಾರೆ, ಮಗು ಕಾಲಿಡೋ ಎತ್ತರಕ್ಕೆ. ಇದು ಕಂಪನೀದಲ್ಲ. ತೆಗೆದುಬಿಡ್ಲಾ?"

ಬೇಡವೆಂದೆ.

ಭಾನುವಾರ ಬೆಳಿಗ್ಗೆ "ಬಾರೇ, ಒಂದು ರೌಂಡು" ಎಂದು ನೀನು ಹಾರ್ನ್ ಹೊಡೆಯುತ್ತಿದ್ದೆ. ಶಾಲೆಯ ಗೆಳತಿಯರು ನಗುತ್ತಾರೆಂದು ನಾನು ಹಿತ್ತಲ ಬಾಗಿಲಿಂದ ಜಾರಿಕೊಳ್ಳುತ್ತಿದ್ದೆ.

ನಿನ್ನ ಕಾಲ ಕೆಳಗಿನ ಪೆಡಲುಗಳು ಸವೆದು ನುಣುಪಾಗಿವೆ. ಬಗ್ಗಿ ಒರೆಸಿ ನೋಡಿದೆ, ಆ ಹಲಗೆಯ ಕೆಂಪು ಬಣ್ಣದ ಮೇಲೆ ಒಂದು ಗೀರೂ ಇಲ್ಲ.