ಕೀಪರನ್ನು ಬಿಟ್ಟುಕೊಡಬೇಡಿ

ವೆಲ್ಡಿಂಗ್ ಮಾವನವರಿಗೆ ನಮಸ್ಕಾರ.

ಕಳೆದ ಭಾನುವಾರ ನೀವು ಬಂದುಹೋದಾಗಿನಿಂದ ಅಪ್ಪ ಸರಿಯಾಗಿ ಊಟ ಮಾಡುತ್ತಿಲ್ಲ. ಡಾಕ್ಟರು ಹೇಳಿದ್ದನ್ನು ನಾವ್ಯಾರೂ ಅವರಿಗೆ ತಿಳಿಸಿಲ್ಲ. ಆದರೆ ಅವತ್ತು ಅವರು, "ನಮ್ಮ ಟೀಮು ಆ ಗೋಲ್‌ಕೀಪರನ್ನ ಮಾರಿ, ಮೊಣಕಾಲು ಹೋದ ಆ ಮುದುಕನ್ನ ತರಬೇಕು ಕಣೋ" ಅಂದರಲ್ಲ, ಅದು ನಿಮಗಿಟ್ಟ ಪರೀಕ್ಷೆ. ಆ ಕೀಪರನ್ನು ನೀವು ಹೆತ್ತ ಮಗನಂತೆ ವಹಿಸಿಕೊಂಡು ಬಂದವರು. ಅವನ ವಿಷಯಕ್ಕೆ ನಿಮ್ಮಿಬ್ಬರ ಜಗಳ ಜೋರಾಗಿ, ಸಲೂನಿನವನು ಅರ್ಧ ಗಡ್ಡದಲ್ಲೇ ಅಪ್ಪನನ್ನು ಎಬ್ಬಿಸಿ ಕಳಿಸಿದ್ದೂ ಉಂಟು. ಅಂಥ ನೀವು ಅವರ ಕೈ ಹಿಡಿದು, "ನೀ ಹೇಳೋದೇ ಸರಿ ಬಿಡೋ" ಅಂದಿರಿ.

ನೀವು ಗೇಟು ದಾಟುತ್ತಲೇ ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದರು. "ಅವನೇ ಒಪ್ಕೊಂಡ ಅಂದ್ಮೇಲೆ ನನ್ನ ಕಥೆ ಮುಗೀತು, ಅಲ್ವೇನಮ್ಮಾ?" ಅಂದರು. ನಾನು ದಿಂಬು ಸರಿಮಾಡಿದೆ.

ಈ ಭಾನುವಾರವೂ ಪಂದ್ಯವಿದೆ. ದಯವಿಟ್ಟು ಬನ್ನಿ. ಹಣ್ಣು ತರಬೇಡಿ, ಸೇರುವುದಿಲ್ಲ. ಬಾಗಿಲಲ್ಲೇ ಬೈಯಲು ಶುರುಮಾಡಿ. ತಡೆಯಲಾಗದಿದ್ದರೆ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಬನ್ನಿ, ನಾವೆಲ್ಲ ಮಾಡುವುದೂ ಅದನ್ನೇ. ಅವರು ಎಷ್ಟೇ ಕೆಮ್ಮಲಿ, ಕೀಪರನ್ನು ಮಾತ್ರ ಬಿಟ್ಟುಕೊಡಬೇಡಿ.

ಇಂತಿ,
ನಿಮ್ಮ ಗೆಳೆಯನ ಮಗಳು