ಭೂತಗನ್ನಡಿಗೆ ಸಿಕ್ಕಿಬಿದ್ದ ಇಬ್ಬರು

ಗ್ರಂಥಾಲಯದ ಕೌಂಟರಿನಿಂದ
ಮಂಗಳವಾರ, ಮಾರ್ಚ್ ೧೧

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮಾ? ಕೆಮ್ಮು ಹೋಯಿತೇ? ಹೋದ ವಾರ ಫೋನಿನಲ್ಲಿ ಚೆನ್ನಾಗಿದ್ದೇನೆ ಎಂದೆ, ಹಾಗೆನ್ನುವಷ್ಟರಲ್ಲೇ ಎರಡು ಸಲ ಕೆಮ್ಮಿದೆ. ಊರವರ ರಕ್ತವನ್ನೆಲ್ಲ ಪರೀಕ್ಷೆ ಮಾಡುವವಳು ನಿನ್ನದನ್ನೂ ಒಮ್ಮೆ ನೋಡಿಕೋ. ಲ್ಯಾಬಿನಲ್ಲಿ ನಿಂತುಕೊಂಡೇ ಊಟ ಮುಗಿಸುವ ಚಾಳಿ ಬಿಡು. ಇಲ್ಲಿ ನಾವು ಗಟ್ಟಿಮುಟ್ಟಾಗಿದ್ದೇವೆ. ನನ್ನ ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಗೊಣಗುತ್ತದೆ. ನಿಮ್ಮಮ್ಮ ಎಂದಿನಂತೆ ಬೆಳಿಗ್ಗೆ ಜೆರಾಕ್ಸ್ ಅಂಗಡಿಗೆ ಹೋಗುತ್ತಾಳೆ, ಮಧ್ಯಾಹ್ನ ನಾನು ಇಲ್ಲಿಗೆ ಬಂದು ಪುಸ್ತಕಗಳಿಗೆ ಮುದ್ರೆ ಒತ್ತುತ್ತೇನೆ. ಫೋನು ಇರುವಾಗ ಕಾಗದ ಯಾಕೆ ಎನ್ನುತ್ತೀಯ. ಒಂದು ವಿಷಯವನ್ನು ಫೋನಿನಲ್ಲಿ ನಿನಗೆ ಹೇಳುವುದಿಲ್ಲ ಎಂದು ನಿಮ್ಮಮ್ಮನಿಗೆ ಮಾತು ಕೊಟ್ಟಿದ್ದೇನೆ. ಕಾಗದದ ಸುದ್ದಿ ಅವಳು ಎತ್ತಲಿಲ್ಲ, ನಾನೂ ನೆನಪಿಸಲು ಹೋಗಲಿಲ್ಲ.

ವಿಷಯ ಇಷ್ಟು. ನಿಮ್ಮ ಹಳೆಯ ಪುಸ್ತಕಗಳ ಜಾಲತಾಣದಿಂದ ಹೋದ ಗುರುವಾರ ನೀನು ಹೊರಗೆ ಹಾಕಿದ ‘ಮೊಳೆಪೆಟ್ಟಿಗೆ’ ಎಂಬ ಖಾತೆಯವಳು ನಿಮ್ಮಮ್ಮ. ಅದರ ನಕಲಿ ಖಾತೆ ಎಂದು ನೀನು ತೀರ್ಮಾನಿಸಿದ ‘ಕೆಂಪುಶಾಯಿ’ ನಾನು.

ಗಾಬರಿಯಾಗಬೇಡ, ಪೂರ್ತಿ ಓದು. ರಜೆಗೆ ಬಂದಾಗ ನೀನೇ ಅಲ್ಲವೇ ಆ ಕೆಲಸದ ಬಗ್ಗೆ ಹೇಳಿದ್ದು? ಹಳೆಯ ಪುಟದ ಚಿತ್ರ ನೋಡಿ ಒಬ್ಬರು ಟೈಪ್ ಮಾಡಬೇಕು, ಇನ್ನೊಬ್ಬರು ಅದನ್ನು ಮೂಲದ ಜೊತೆ ಹೋಲಿಸಿ ‘ಸರಿ’ ಎಂದು ಗುರುತು ಹಾಕಬೇಕು, ಹಾಗೆ ಎರಡು ಜೊತೆ ಕಣ್ಣು ದಾಟಿದ ಮೇಲೆಯೇ ಪುಟ ಓದುಗರ ಕೈಗೆ. ನೀನು ಅದನ್ನು ವಿವರಿಸುತ್ತಿದ್ದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಇಪ್ಪತ್ತೇಳು ವರ್ಷ ಅಚ್ಚುಕೂಟದಲ್ಲಿ ನಾವು ಮಾಡಿದ್ದು ಇನ್ನೇನು? ಅವಳು ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದಳು, ನಾನು ಕರಡು ತಿದ್ದುತ್ತಿದ್ದೆ. ರಜೆ ಮುಗಿಸಿ ನೀನು ಅತ್ತ ಹೊರಟ ವಾರವೇ ನಿನಗೆ ಹೇಳದೆ ಇಬ್ಬರೂ ಸೇರಿಕೊಂಡೆವು. ದರ್ಜಿಗಳ ಕೈಪಿಡಿಯೊಂದು ಅಲ್ಲಿ ಅನಾಥವಾಗಿ ಬಿದ್ದಿತ್ತು. ಪುಟಕ್ಕೊಂದು ಅಳತೆಯ ಕೋಷ್ಟಕ ಇದ್ದುದರಿಂದ ಯಾರೂ ಅದರ ತಂಟೆಗೆ ಹೋಗಿರಲಿಲ್ಲ. ನಿಮ್ಮಮ್ಮನಿಗೆ ಕೋಷ್ಟಕ ಎಂದರೆ ಪ್ರಾಣ. ನೀನು ಮತ್ತೆ ಬರುವಷ್ಟರಲ್ಲಿ ಮುಗಿಸಿ ನಿನ್ನ ಮುಂದೆ ಇಡಬೇಕೆಂದು ಅವಳ ಆಸೆ. ಮುನ್ನೂರ ಹನ್ನೆರಡು ಪುಟಗಳಲ್ಲಿ ಇನ್ನೂರ ಎಂಬತ್ತಾರು ಮುಗಿದಿದ್ದವು. ನಿನ್ನ ಆದೇಶದ ಪ್ರಕಾರ ಈ ಭಾನುವಾರ ಅವಷ್ಟೂ ಅಳಿಸಿಹೋಗುತ್ತವೆ.

ನಮ್ಮನ್ನು ಹೊರಹಾಕಿದ್ದಕ್ಕೆ ಕಾರಣ ಕೊಟ್ಟು ನೀನು ತಾಣದಲ್ಲಿ ಹಾಕಿದ ವರದಿಯನ್ನು ಮೂರು ಸಲ ಓದಿದೆ. ಕೆಳಗೆ ‘ಭೂತಗನ್ನಡಿ’ ಎಂಬ ನಿನ್ನ ಅಡ್ಡಹೆಸರು ಇಲ್ಲದಿದ್ದರೂ ಬರೆದವಳು ನನ್ನ ಮಗಳೆಂದು ಗೊತ್ತಾಗುತ್ತಿತ್ತು. ಏನು ಶಿಸ್ತು, ಏನು ತಾಳ್ಮೆ. ನಿನ್ನ ಅನುಮಾನಕ್ಕೆ ಕಾರಣವೂ ಇದೆ. ಆ ‘ಸುಳಿಗಾಳಿ’ ಎಂಬ ಪುಣ್ಯಾತ್ಮ ಹತ್ತಾರು ಸುಳ್ಳು ಹೆಸರಿನಲ್ಲಿ ಬಂದು ತನ್ನ ಪುಟಗಳಿಗೆ ತಾನೇ ‘ಸರಿ’ ಹಾಕಿಕೊಂಡಿದ್ದು, ಔಷಧಿಯ ಪುಸ್ತಕದಲ್ಲಿ ಸಾಲಿಗೆ ಸಾಲೇ ಬಿಟ್ಟುಹೋಗಿದ್ದು, ನೀನೊಬ್ಬಳೇ ಕೂತು ಅದನ್ನೆಲ್ಲ ಹುಡುಕಿ ತೆಗೆದದ್ದು ನನಗೆ ಗೊತ್ತು. ನೀನಿಲ್ಲದಿದ್ದರೆ ಆ ತಾಣವನ್ನು ಇಂದು ಯಾರೂ ನಂಬುತ್ತಿರಲಿಲ್ಲ. ನಮ್ಮ ಬಗ್ಗೆ ನೀನು ಹಿಡಿದ ಅಂಶಗಳೂ ನೂರಕ್ಕೆ ನೂರು ನಿಜ. ಎರಡೂ ಖಾತೆಗಳಿಗೆ ಒಂದೇ ಕಂಪ್ಯೂಟರ್. ನಿಜ, ಮನೆಯಲ್ಲಿ ಇರುವುದೇ ಒಂದು. ಇಬ್ಬರೂ ಒಂದೇ ಹೊತ್ತಿನಲ್ಲಿ ಎಂದೂ ಕಾಣಿಸಿಕೊಂಡಿಲ್ಲ. ಕುರ್ಚಿಯೂ ಒಂದೇ, ಏನು ಮಾಡೋಣ? ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ ಹತ್ತು ನಿಮಿಷದ ಅಂತರ, ಅದು ‘ವೇಷ ಬದಲಿಸುವ ಸಮಯ’ ಎಂದು ಬರೆದಿದ್ದೀಯ. ಅದು ನಾವು ಚಹಾ ಕುಡಿಯುವ ಸಮಯ. ಅನುಮಾನ ಬಂದ ಕಡೆ ಇಬ್ಬರೂ ಒಂದೇ ಥರ ಗುರುತು ಹಾಕುತ್ತಾರೆ ಎಂದಿದ್ದೀಯ. ಇಷ್ಟು ವರ್ಷ ಅವಳ ಕರಡು ನಾನು ತಿದ್ದಿ, ನನ್ನ ತಿದ್ದುಪಡಿಯನ್ನು ಅವಳು ತಿದ್ದಿ, ಯಾವ ಅಭ್ಯಾಸ ಯಾರದ್ದೆಂದು ನಮಗೇ ಮರೆತಿದೆ. ಆದರೆ ಕೊನೆಯ ಅಂಶಕ್ಕೆ ನಾನು ಬಿದ್ದು ಬಿದ್ದು ನಕ್ಕೆ. ಇಬ್ಬರು ಬೇರೆ ಬೇರೆ ವ್ಯಕ್ತಿಗಳಾಗಿದ್ದರೆ ಇನ್ನೂರ ಎಂಬತ್ತಾರು ಪುಟಗಳಲ್ಲಿ ಒಮ್ಮೆಯಾದರೂ ಜಗಳವಾಗಬೇಕಿತ್ತು ಎಂದಿದ್ದೀಯ. ಅಯ್ಯೋ ತಾಯಿ, ಜಗಳವೆಲ್ಲ ಅಡುಗೆಮನೆಯ ಬಾಗಿಲಲ್ಲಿ ಬಾಯಿಮಾತಿನಲ್ಲೇ ಮುಗಿಯುತ್ತದೆ. ಅದನ್ನು ಕೇಳುತ್ತಾ ಬೆಳೆದವಳಿಗೆ ನಾನು ಹೇಳಬೇಕೇ?

ಸುಮ್ಮನಿರಲಾರದೆ ನಾನು ಕೆಳಗಿನ ಅಂಗಡಿಯ ಕ್ಷೌರಿಕನನ್ನು ಕರೆದೆ. ಅವನು ನಮ್ಮ ಮನೆಯಲ್ಲೇ ಕೂತು, ಹೊಸ ಖಾತೆ ತೆರೆದು, “ಗಂಡನೇ ಬೇರೆ, ಹೆಂಡ್ತೀನೇ ಬೇರೆ, ಕಣ್ಣಾರೆ ದಿನಾ ನೋಡ್ತಿದೀನಿ” ಎಂದು ಬರೆದ. ಇಪ್ಪತ್ತು ನಿಮಿಷಕ್ಕೆ ನಿಮ್ಮವರಲ್ಲಿ ಯಾರೋ ಅವನನ್ನು ‘ಅದೇ ವ್ಯಕ್ತಿಯ ಮೂರನೆಯ ಮುಖ’ ಎಂದು ಹೊರಗಟ್ಟಿದರು. ಈಗ ಅಂಗಡಿಗೆ ಬಂದವರಿಗೆಲ್ಲ ಅವನು ತನ್ನ ಮೂರನೆಯ ಮುಖ ತೋರಿಸುತ್ತಿದ್ದಾನೆ. ಅಲ್ಲಿಂದಾಚೆ ನನಗೆ ಅರ್ಥವಾಯಿತು, ಆ ಕಂಪ್ಯೂಟರಿನಿಂದ ನಾವು ಬಾಯಿ ಬಿಟ್ಟಷ್ಟೂ ನಮ್ಮ ವಿರುದ್ಧ ಸಾಕ್ಷಿ ಬೆಳೆಯುತ್ತದೆ.

ನಿಮ್ಮಮ್ಮನ ವಿಷಯ ಹೇಳುತ್ತೇನೆ. ಕನ್ನಡಕ ಒರೆಸಿಕೊಂಡು ವರದಿಯನ್ನು ಮೊದಲಿಂದ ಕೊನೆಯವರೆಗೆ ಓದಿದಳು. “ಎಷ್ಟು ಅಚ್ಚುಕಟ್ಟಾಗಿ ಬರೆದಿದಾಳೆ ನೋಡ್ರೀ. ತೀರ್ಮಾನ ಒಂದು ಬಿಟ್ರೆ ಎಲ್ಲೂ ತಪ್ಪಿಲ್ಲ,” ಎಂದಳು. ನಾನು ಫೋನಿಗೆ ಕೈಹಾಕಿದರೆ ತಡೆದಳು. “ಅಮ್ಮ ಅಂತ ಗೊತ್ತಾದ್ರೆ ಬಿಟ್ಟುಬಿಡ್ತಾಳೆ. ಆಮೇಲೆ ಅವಳ ಮಾತಿಗೆ ಅಲ್ಲಿ ಬೆಲೆ ಇರಲ್ಲ. ಫೋನ್ ಮಾಡಿ ಹೇಳಬೇಡಿ,” ಎಂದಳು. ಮರುದಿನ ಜೆರಾಕ್ಸ್ ಅಂಗಡಿಯಿಂದ ಬಂದು, ಕಂಪ್ಯೂಟರ್ ತೆರೆದು, ಇನ್ನೂರ ಎಂಬತ್ತೇಳನೆಯ ಪುಟ ಟೈಪ್ ಮಾಡಲು ಕೂತಳು. ಕಳಿಸಲು ಜಾಗವಿಲ್ಲ, ತನ್ನ ಕಡತದಲ್ಲಿ ಉಳಿಸಿಡುತ್ತಿದ್ದಾಳೆ. ಅವಳು ಹೇಳದಿದ್ದರೂ ಅವಳಿಗೆ ತುಂಬ ನೋವಾಗಿದೆ. ಇವಳನ್ನು ಕಟ್ಟಿಕೊಂಡ ನಾನು ಅದೃಷ್ಟವಂತ ಎಂದು ಅವಳ ಎದುರಿಗೆ ಹೇಳಿ ರೂಢಿಯಿಲ್ಲ, ನಿನ್ನ ಹತ್ತಿರ ಹೇಳುತ್ತಿದ್ದೇನೆ.

ಇನ್ನು ಕರಡು ತಿದ್ದುವವನಾಗಿ ಒಂದು ಮಾತು. ಅಚ್ಚುಕೂಟದಲ್ಲಿ ನನಗೆ ಯಾವುದೋ ಪದದ ಮೇಲೆ ಅನುಮಾನ ಬಂದರೆ ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕುತ್ತಿದ್ದೆ. ಆ ಹಾಳೆ ಬರೆದವರ ಹತ್ತಿರ ವಾಪಸು ಹೋಗುತ್ತಿತ್ತು. ಅವರ ಉತ್ತರ ಬರುವವರೆಗೆ ಒಂದು ಮೊಳೆಯನ್ನೂ ಕೀಳುವಂತಿರಲಿಲ್ಲ, ನನಗೆ ಎಷ್ಟೇ ಖಾತ್ರಿ ಇರಲಿ. ಹತ್ತರಲ್ಲಿ ಎಂಟು ಸಲ ನನ್ನ ಅನುಮಾನವೇ ಸರಿ. ಉಳಿದ ಎರಡು ಸಲ ಮಾತ್ರ, ಕೇಳಿದ್ದು ಒಳ್ಳೆಯದಾಯಿತು ಎಂದು ಎದೆ ಹಗುರವಾಗುತ್ತಿತ್ತು. ನಿನ್ನ ಹನ್ನೊಂದು ಪುಟದ ವರದಿಯಲ್ಲಿ ಎಲ್ಲ ಇದೆ ಮಗಳೇ, ನಮ್ಮನ್ನು ಕೇಳಿದ್ದೊಂದು ಇಲ್ಲ. ಸುಳಿಗಾಳಿಯ ಬೆನ್ನು ಹತ್ತಿ ನಿನಗೆ ಎಲ್ಲರಲ್ಲೂ ಅವನೇ ಕಾಣತೊಡಗಿದ್ದಾನೆ. ಅಪ್ಪ ಅಮ್ಮ ಎಂದು ನಮ್ಮನ್ನು ಒಳಗೆ ಬಿಡಬೇಡ. ನಮ್ಮ ಪ್ರಕರಣವನ್ನು ತಾಣದ ಬೇರೆಯವರಿಗೆ ಒಪ್ಪಿಸು, ನಮ್ಮಿಬ್ಬರನ್ನೂ ಅವರು ವಿಚಾರಿಸಲಿ. ಅಲ್ಲಿಯವರೆಗೆ ಭಾನುವಾರದ ಅಳಿಸುವಿಕೆಯನ್ನು ತಡೆದರೆ ಸಾಕು. ಈ ಕಾಗದ ತುರ್ತು ಅಂಚೆಯಲ್ಲಿ ಶುಕ್ರವಾರ ನಿನ್ನ ಕೈ ಸೇರುತ್ತದೆ ಎಂದಿದ್ದಾರೆ.

ನಿನ್ನ ಮೇಲೆ ಕೋಪವಿಲ್ಲ, ಹೆಮ್ಮೆ ಎಳ್ಳಷ್ಟೂ ಕಡಿಮೆಯಾಗಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು, ಬಿಸಿನೀರು ಕುಡಿ. ನಿನಗೆ ಎಲ್ಲ ಒಳ್ಳೆಯದಾಗಲಿ.

ಇಂತು ನಿನ್ನ
ಅಪ್ಪ

ಮ.ಬಿ.: ಲಕೋಟೆ ಅಂಟಿಸುವ ಮುಂಚೆ ಇಲ್ಲಿನ ಕಂಪ್ಯೂಟರಿನಲ್ಲಿ ನೀನು ಹೊರಹಾಕಿದವರ ಪಟ್ಟಿ ತೆರೆದು ನೋಡಿದೆ. ಹತ್ತೊಂಬತ್ತು ಹೆಸರುಗಳಿವೆ. ಹದಿನಾಲ್ಕನೆಯ ಹೆಸರಿನ ಕೆಳಗೆ ಆರು ವಾರದ ಹಿಂದೆ ಒಬ್ಬಳು ಹೀಗೆ ಬರೆದಿದ್ದಾಳೆ: “ನಾವು ಅಕ್ಕ ತಂಗಿ. ಇರೋದು ಒಂದೇ ಫೋನು. ನಾವು ಇಬ್ಬರು ಅಂತ ಹೇಗೆ ತೋರಿಸಬೇಕು ಹೇಳಿ, ಹಾಗೇ ತೋರಿಸ್ತೀವಿ.” ಅದಕ್ಕೆ ಇವತ್ತಿನವರೆಗೂ ಯಾರೂ ಉತ್ತರ ಕೊಟ್ಟಿಲ್ಲ. ಮೇಲೆ ನಮ್ಮ ಬಗ್ಗೆ ಬರೆದದ್ದೆಲ್ಲ ಆಮೇಲಿನ ಮಾತು, ಭಾನುವಾರ ಪುಟಗಳು ಹೋದರೆ ಹೋಗಲಿ, ಇನ್ನೊಮ್ಮೆ ಟೈಪ್ ಮಾಡುತ್ತೇವೆ. ಮೊದಲು ಆ ಹುಡುಗಿಗೆ ಉತ್ತರ ಬರೆ. ನಿಮ್ಮಮ್ಮನಿಗೆ ಇಲ್ಲಿ ನಾನಿದ್ದೇನೆ.