ಎಡಗಡೆಯ ಸೀಟು

ಫೆಬ್ರವರಿ 3, ಬೆಳಿಗ್ಗೆ

ಇವತ್ತೂ ವಿಮಾನದ ರೆಕ್ಕೆ ತಡವಿ, ಪೆಟ್ರೋಲ್ ನೋಡಿ, ಆಯಿಲ್ ಕಡ್ಡಿ ಒರೆಸಿ ಹತ್ತಿದ್ದಾಯಿತು. ಹಾರಿದ್ದೇನೋ ಚೆನ್ನಾಗಿಯೇ ಹಾರಿದೆ. ಇಳಿಯುವಾಗ ಮತ್ತೆ ಅದೇ ರಗಳೆ — ಚಕ್ರ ನೆಲಕ್ಕೆ ತಾಗುವ ಮೊದಲೇ ಕಾಲು ಬ್ರೇಕಿಗೆ ಹೋಯಿತು. ಟೈರು ಕಿರುಚಿತು. ಗಡಿಬಿಡಿ ಹಿಡಿದು ಸರಿಮಾಡಿದ.

ಗಡಿಬಿಡಿ ಅಂದರೆ ಹಾರಲು ಕಲಿಸುವ ಇನ್‌ಸ್ಟ್ರಕ್ಟರು. ನನ್ನ ಡ್ರೈವಿಂಗ್ ಸ್ಕೂಲಿನಲ್ಲೇ ಕಾರು ಕಲಿತವನು. ಕ್ಲಚ್ಚು ದಬಕ್ಕನೆ ಬಿಡುತ್ತಿದ್ದ, ಅದಕ್ಕೇ ಈ ಹೆಸರಿಟ್ಟೆ. ಈಗ ಅವನು ನನಗೆ ಬೈಯುತ್ತಾನೆ. ಬೈಯಲಿ. ನಾನೇನು ಕಡಿಮೆ ಬೈದಿದ್ದೆನೇ?

ಫೆಬ್ರವರಿ 6

ತಪ್ಪು ಎಲ್ಲಿದೆ ಅಂತ ಹೊಳೆಯಿತು. ವಿಮಾನದಲ್ಲಿ ಕಲಿಯುವವರು ಎಡಗಡೆ. ನನ್ನ ಕಾರಿನಲ್ಲಿ ಡ್ರೈವರ್ ಬಲಕ್ಕೆ, ಕಲಿಸುವ ನಾನು ಎಡಕ್ಕೆ, ನನ್ನ ಕಾಲ ಕೆಳಗೆ ಇನ್ನೊಂದು ಬ್ರೇಕು. ಯಾರೋ ಗೋಡೆಗೆ ನುಗ್ಗಿಸುವಾಗ ಒತ್ತಿದ್ದೇ ಒತ್ತಿದ್ದು, ಜೀವನವಿಡೀ. ಎದುರಿಗೆ ನೆಲ ಬಂದರೆ ಕಾಲು ನನ್ನನ್ನು ಕೇಳುವುದಿಲ್ಲ.

ಗಡಿಬಿಡಿಗೆ ಹೇಳಿದೆ. ನಕ್ಕ. ಪೆಡಲಿನ ಮೇಲ್ತುದಿ ಒತ್ತಿದರೆ ತಾನೆ ಬ್ರೇಕು, ಹಿಮ್ಮಡಿ ನೆಲದಿಂದ ಎತ್ತಲೇಬೇಡಿ ಅಂದ.

ಫೆಬ್ರವರಿ 8

ಎತ್ತಿದೆ. ಟೈರು ಒಡೆಯಿತು. ಹುಲ್ಲಿಗೆ ನುಗ್ಗಿ ನಿಂತೆವು. ಯಾರಿಗೂ ಏನೂ ಆಗಲಿಲ್ಲ. ಇನ್ನೊಮ್ಮೆ ಹೀಗಾದರೆ ನನ್ನನ್ನು ಒಬ್ಬಳನ್ನೇ ಹಾರಲು ಬಿಡುವ ಮಾತೇ ಇಲ್ಲವಂತೆ.

ಫೆಬ್ರವರಿ 19

ಬರೆಯಲು ಮನಸ್ಸಿರಲಿಲ್ಲ. ಟೈರಿನ ಸುದ್ದಿ ಮಗನಿಗೆ ಮುಟ್ಟಿದೆ. ಊಟಕ್ಕೆ ಕೂತಾಗ ಮಾತು ತೆಗೆದ.

"ಅಮ್ಮಾ, ಮಂಡಿ ನೋವು ಅಂತ ಮೆಟ್ಟಿಲು ಹತ್ತಲ್ಲ, ಆಕಾಶ ಹತ್ತುತ್ತೀಯಾ?"

"ಅಲ್ಲಿ ಮೆಟ್ಟಿಲಿಲ್ಲವಲ್ಲೋ."

ಸೊಸೆ ತಟ್ಟೆ ನೋಡಿಕೊಂಡು ನಕ್ಕಳು. ಅವನು ನಗಲಿಲ್ಲ. ಹತ್ತನೇ ಕ್ಲಾಸು ಮುಗಿಸಿ ಓದು ಬಿಟ್ಟವಳಿಗೆ ಇದೆಲ್ಲ ಯಾಕೆ, ಇನ್ನು ಸಾಕು ಅಂದ. ನಾನು ಕೂತಿದ್ದ ಕುರ್ಚಿಯನ್ನೇ ರೂಮಿಗೆ ದರದರ ಎಳೆದುಕೊಂಡು ಬಂದೆ.

ಸೊಸೆ ಹಿಂದೆಯೇ ಬಂದಳು. ಕೂತು ಹಿಮ್ಮಡಿ ಊರಿದೆ. ದಿಂಬೇ ನೆಲ; ಅವಳು ಅದನ್ನು ಹಿಡಿದು ಓಡಿಬಂದು ನನ್ನ ಮುಖಕ್ಕೆ ತರಬೇಕು, ನಾನು ಕಾಲು ಎತ್ತಬಾರದು. ಮತ್ತೆ ಮತ್ತೆ ಮಾಡಿಸಿದೆ. ಅವಳಿಗೆ ಈ ಆಟ ಸ್ವಲ್ಪ ಹೆಚ್ಚೇ ಹಿಡಿಸಿದಂತಿದೆ...

ಮಾರ್ಚ್ 2

ಇವತ್ತು ಇಳಿಸಿದ್ದೆಲ್ಲ ನೆಟ್ಟಗೆ. ಪಕ್ಕಕ್ಕೆ ನಿಲ್ಲಿಸಿ ಅಂದ ಗಡಿಬಿಡಿ, ಬೆಲ್ಟು ಬಿಚ್ಚಿ ಇಳಿದೇಬಿಟ್ಟ.

"ಒಬ್ಬರೇ ಒಂದು ಸುತ್ತು ಹೋಗಿಬನ್ನಿ ಮೇಡಂ. ಹಿಮ್ಮಡಿ, ಹಿಮ್ಮಡಿ."

"ಮೊದಲು ಬಾಗಿಲು ಸರಿಯಾಗಿ ಹಾಕೋ," ಅಂದೆ.

ಅವನ ಭಾರವಿಲ್ಲದೆ ವಿಮಾನ ಚಂಗನೆ ಎದ್ದಿತು. ಸುತ್ತು ಮುಗಿಸಿ ಇಳಿಸತೊಡಗಿದೆ. ನೆಲ ಎದ್ದು ಬಂತು. ಕಾಲು ತುಡಿಯಿತು. ಅಭ್ಯಾಸ ಎಲ್ಲಿ ಹೋಗುತ್ತದೆ — ಬೈಯಲು ಬಲಕ್ಕೆ ತಿರುಗಿ ಬಾಯಿ ತೆರೆದೆ. ಕಾರಿನಲ್ಲಿ ಡ್ರೈವರ್ ಕೂರುವ ಕಡೆಯ ಸೀಟು ಖಾಲಿ. ನಾನು ಬ್ರೇಕು ಒತ್ತಿ ಕಾಪಾಡಬೇಕಾದ ಕತ್ತೆ ಯಾವುದೂ ಪಕ್ಕದಲ್ಲಿ ಇರಲಿಲ್ಲ. ಹಿಮ್ಮಡಿ ಅಲ್ಲೇ ಉಳಿಯಿತು. ಚಕ್ರ ತಾಗಿದ್ದೇ ಗೊತ್ತಾಗಲಿಲ್ಲ.

ವಿಮಾನದ ಶೆಡ್ಡಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಗೇಟಿನಲ್ಲಿ ಮಗನ ಕಾರು. ಮುಖ ಗಂಟಿಕ್ಕಿಕೊಂಡು ಇತ್ತಲೇ ಬರುತ್ತಿದ್ದಾನೆ. ಬರಲಿ. ಇನ್ನೊಂದು ಸುತ್ತು ಹೋಗುತ್ತೀರಾ ಅಂತ ಗಡಿಬಿಡಿ ಕೈಸನ್ನೆ ಮಾಡುತ್ತಿದ್ದಾನೆ. ಮಗ ಇಲ್ಲಿಗೆ ಮುಟ್ಟುವಷ್ಟರಲ್ಲಿ ನಾನು —